ಪಾಳಿ ಬದಲಾದ ಮೇಲೆ ಪಾಲನೆಯ ಮರುಲೆಕ್ಕ: 8ನೇ ತರಗತಿಯ ಶೇಕಡಾ ಪಾಠದಲ್ಲಿ ಒಂದು ಬೋಧನಾಭ್ಯಾಸ

ಶೇಕಡಾ ಪಾಠವನ್ನು ಗಣಿತ ವಿಷಯದ ಪ್ರಶಿಕ್ಷಣಾರ್ಥಿಗಳಾದ ನಾವೆಲ್ಲ ಒಂದಲ್ಲ ಒಂದು ಸಲ ಮಾಡಿರುತ್ತೇವೆ. ಲಾಭ-ನಷ್ಟ, ರಿಯಾಯಿತಿ, ಪರೀಕ್ಷೆಯ ಅಂಕ, ಈ ಮೂರರಲ್ಲಿ ನಮ್ಮ ಉದಾಹರಣೆಗಳು ಮುಗಿಯುತ್ತವೆ. ಭಾಗಿಸಿ ನೂರರಿಂದ ಗುಣಿಸುವುದನ್ನು ಮಕ್ಕಳು ಬೇಗ ಕಲಿಯುತ್ತಾರೆ. ಆದರೆ "ಯಾವುದರ ಶೇಕಡಾ?" ಎಂದು ಕೇಳಿದರೆ ತಡವರಿಸುತ್ತಾರೆ. ಛೇದದಲ್ಲಿ ಕೂಡಬೇಕಾದ ಸಂಖ್ಯೆ ಯಾವುದು, ಅದನ್ನು ಯಾರು ಯಾವಾಗ ನಿಗದಿ ಮಾಡಿದರು ಎಂಬ ಪ್ರಶ್ನೆ ಅವರಿಗೆ ಹೊಸದು. ಇಂಟರ್ನ್‌ಶಿಪ್ ಅವಧಿಯಲ್ಲಿ ರಾಯಬಾಗ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಈ ಪ್ರಶ್ನೆಯನ್ನೇ ನಡುವೆ ಇಟ್ಟುಕೊಂಡು ನಾನು ಮಾಡಿದ ಮೂರು ಅವಧಿಗಳ ಪಾಠದ ವಿವರ ಇಲ್ಲಿದೆ.

ಪಾಠಕ್ಕೆ ಆಯ್ದುಕೊಂಡ ಸಂದರ್ಭ, ಕೆಲಸಗಾರರ ವೇಳಾಪಟ್ಟಿ ಪಾಲನೆ. ಇಂದು ಕಾರ್ಖಾನೆ, ಆಸ್ಪತ್ರೆ, ಸಾರಿಗೆ ಘಟಕ, ಕಾಲ್ ಸೆಂಟರ್ ಹೀಗೆ ಅನೇಕ ಕಡೆ ಸಿಬ್ಬಂದಿಯ ಪಾಳಿಯನ್ನೂ ಹಾಜರಿಯನ್ನೂ ತಂತ್ರಾಂಶವೇ ನೋಡಿಕೊಳ್ಳುತ್ತದೆ. ಯಾರು ಎಷ್ಟು ಗಂಟೆಗೆ ಬರಬೇಕಿತ್ತು, ಎಷ್ಟು ಗಂಟೆಗೆ ಬಂದರು ಎಂಬುದನ್ನು ತಾಳೆ ನೋಡಿ ಒಂದು ಶೇಕಡಾ ಅಂಕಿಯನ್ನು ಪರದೆಯ ಮೇಲೆ ತೋರಿಸುತ್ತದೆ. ಪಾಳಿ ಬದಲಾದಾಗ, ಅಥವಾ ತಂತ್ರಾಂಶದ ನಿಯಮಗಳೇ ಬದಲಾದಾಗ, ಆ ಅಂಕಿಯನ್ನು ಮತ್ತೆ ಪರಿಶೀಲಿಸಬೇಕಾಗುತ್ತದೆ. ಆ ಪರಿಶೀಲನೆಗೆ ಬೇಕಾದ ಗಣಿತ 8ನೇ ತರಗತಿಯ ಗಣಿತಕ್ಕಿಂತ ಹೆಚ್ಚಿನದೇನಲ್ಲ. ಅದರ ಮೇಲೆ ನಿಂತಿರುವುದು ಮಾತ್ರ ಒಂದು ಮನೆಯ ಪಗಾರ.

ಪರಿಸರ ಮತ್ತು ಪೂರ್ವಜ್ಞಾನ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳು ಕಬ್ಬಿನ ಸೀಮೆ. ಸಕ್ಕರೆ ಕಾರ್ಖಾನೆಗಳು ಹಂಗಾಮಿನಲ್ಲಿ ಹಗಲು-ರಾತ್ರಿ ಅರೆಯುತ್ತವೆ. ನಾನು ಪಾಠ ಮಾಡಿದ ತರಗತಿಯಲ್ಲಿ ಹಲವು ಮಕ್ಕಳ ಮನೆಯಲ್ಲಿ ಪಾಳಿಯ ಕೆಲಸಕ್ಕೆ ಹೋಗುವವರಿದ್ದರು. ಮನೆಯಲ್ಲಿ ಕನ್ನಡ ಆಡುವವರು, ಮರಾಠಿ ಆಡುವವರು ಇಬ್ಬರೂ ಇದ್ದರು. ಪಾಳಿ, ಹಜೇರಿ, ಪಗಾರ ಎಂಬ ಪದಗಳು ಎರಡೂ ಕಡೆಯವರಿಗೆ ಗೊತ್ತು. ಆದ್ದರಿಂದ ಪಾಠದಲ್ಲಿ ಈ ಪದಗಳನ್ನೇ ಬಳಸಿದೆ. 'ಪಾಲನೆ' ಎಂಬ ಒಂದು ಪದವನ್ನು ಮಾತ್ರ ಹೊಸದಾಗಿ ಪರಿಚಯಿಸಿದೆ.

ಪಾಠ ಯೋಜನೆಯ ಸಾರ

ತರಗತಿ: 8. ಘಟಕ: ಶೇಕಡಾ ಪ್ರಮಾಣ. ಅವಧಿ: ತಲಾ 40 ನಿಮಿಷಗಳ ಮೂರು ಅವಧಿ.

ಉದ್ದೇಶಗಳು: ವಿದ್ಯಾರ್ಥಿಯು
1. ಎರಡು ಕಾಲಾವಧಿಗಳು ಒಂದರ ಮೇಲೊಂದು ಬರುವ ಭಾಗವನ್ನು ಸಂಖ್ಯಾರೇಖೆಯ ಮೇಲೆ ಗುರುತಿಸುವನು.
2. ವೇಳಾಪಟ್ಟಿ ಪಾಲನೆಯನ್ನು ಶೇಕಡಾದಲ್ಲಿ ಹೇಳುವನು.
3. ವೇಳಾಪಟ್ಟಿ ಬದಲಾದಾಗ ಯಾವ ದಿನಕ್ಕೆ ಯಾವ ಪಟ್ಟಿ ಅನ್ವಯಿಸುತ್ತದೆ ಎಂದು ಕಾರಣ ಸಹಿತ ನಿರ್ಧರಿಸುವನು.
4. ಮಧ್ಯರಾತ್ರಿ ದಾಟುವ ಪಾಳಿಯ ಗಂಟೆಗಳನ್ನು ಸರಿಯಾಗಿ ಲೆಕ್ಕ ಹಾಕುವನು.

ಬೋಧನೋಪಕರಣ: 0ಯಿಂದ 24ರವರೆಗೆ ಗುರುತು ಮಾಡಿದ ಉದ್ದನೆಯ ರಟ್ಟಿನ ಪಟ್ಟಿ, ಅದರ ಮೇಲೆ ಸರಿಸಬಹುದಾದ ಎರಡು ಪಾರದರ್ಶಕ ಬಣ್ಣದ ಹಾಳೆಗಳು. ಹಳದಿ ಹಾಳೆ ಯೋಜನೆಗೆ, ನೀಲಿ ಹಾಳೆ ನಡೆದದ್ದಕ್ಕೆ. ಎರಡೂ ಕೂಡಿದ ಕಡೆ ಹಸಿರು ಕಾಣುತ್ತದೆ. ಆ ಹಸಿರೇ ಪಾಲನೆ.

ಮೊದಲ ಅವಧಿ: ಪರಿಕಲ್ಪನೆ

ಪೀಠಿಕೆಗೆ ರೈಲನ್ನು ಬಳಸಿಕೊಂಡೆ. ಲೋಂಡಾ-ಮಿರಜ ಮಾರ್ಗದ ಚಿಕ್ಕೋಡಿ ರೋಡ್, ರಾಯಬಾಗ, ಕುಡಚಿ, ಉಗಾರ ಖುರ್ದ, ಶೇಡಬಾಳ ನಿಲ್ದಾಣಗಳ ಹೆಸರನ್ನು ಮಕ್ಕಳೇ ಹೇಳಿದರು. "ಒಂದು ಗಾಡಿಯ ವೇಳೆ ನಿನ್ನೆಯವರೆಗೆ 10 ಗಂಟೆ. ಇಂದಿನಿಂದ 9:45. ನಿನ್ನೆ ಗಾಡಿ ಸರಿಯಾಗಿ 10ಕ್ಕೆ ಬಂತು. ಅದು ತಡವಾಗಿ ಬಂತೇ?" ಎಂದು ಕೇಳಿದೆ. ಮುಂದಿನ ಬೆಂಚಿನ ಹುಡುಗಿ ತಟ್ಟನೆ, "ನಿನ್ನೆ ಬಂದ ಗಾಡಿಗೆ ಇವತ್ತಿನ ಟೈಮ್ ಹೆಂಗ ಹಚ್ಚತೀರಿ ಟೀಚರ್?" ಎಂದಳು. ಆ ವಾಕ್ಯವನ್ನು ಕಪ್ಪುಹಲಗೆಯ ಮೂಲೆಯಲ್ಲಿ ಬರೆದು ಚೌಕ ಹಾಕಿದೆ. ಮೂರೂ ಅವಧಿ ಅದನ್ನು ಅಳಿಸಲಿಲ್ಲ.

ಪರಿಕಲ್ಪನೆಯನ್ನು ಕಟ್ಟಲು ಬ್ರೂನರ್ ಅವರ ಪರಿಕಲ್ಪನಾ ಗಳಿಕೆ ಮಾದರಿಯನ್ನು ಅನುಸರಿಸಿದೆ. ಉದಾಹರಣೆಗಳ ಜೊತೆಗೆ ಅಲ್ಲದ ಉದಾಹರಣೆಗಳನ್ನೂ ಕೊಟ್ಟು ಲಕ್ಷಣವನ್ನು ಮಕ್ಕಳಿಂದಲೇ ಹೊರಡಿಸುವುದು ಈ ಮಾದರಿಯ ಬಲ. ಕಾರ್ಖಾನೆಯ ಪಾಳಿ, ಬಸ್ಸಿನ ಡ್ಯೂಟಿ, ಶಾಲೆಯ ವೇಳಾಪಟ್ಟಿ ಇವು 'ಹೌದು' ಗುಂಪಿಗೆ ಹೋದವು. ನಿಪ್ಪಾಣಿಯಲ್ಲಿ ಮನೆಯಲ್ಲೇ ಕುಳಿತು ಬೀಡಿ ಕಟ್ಟುವ ತಾಯಂದಿರ ಕೆಲಸ, ಅಥಣಿಯಲ್ಲಿ ಚಪ್ಪಲಿ ಹೊಲಿಯುವವರ ಕೆಲಸ 'ಅಲ್ಲ' ಗುಂಪಿಗೆ ಹೋದವು. ಬೀಡಿಯ ಕೂಲಿ ಸಾವಿರದ ಲೆಕ್ಕದಲ್ಲಿ. ಬೆಳಿಗ್ಗೆ ಕಟ್ಟಿದರೂ ರಾತ್ರಿ ಕಟ್ಟಿದರೂ ಸಾವಿರ ಸಾವಿರವೇ. ಅಲ್ಲಿ ಮುಂಚೆ ಬರೆದಿಟ್ಟ ವೇಳೆ ಇಲ್ಲ, ಆದ್ದರಿಂದ ವೇಳೆಯ ಪಾಲನೆಯೂ ಇಲ್ಲ. ಹೀಗೆ ಮಕ್ಕಳು ತಾವೇ ಲಕ್ಷಣವನ್ನು ಹೇಳಿದರು: "ಮೊದ್ಲ ಬರ್ದಿಟ್ಟ ಟೈಮ್ ಇರಬೇಕು."

ಮುಂದಿನ ಹೆಜ್ಜೆ, ಎರಡು ಅಳತೆಗಳನ್ನು ಬೇರ್ಪಡಿಸುವುದು. ಯೋಜನೆ 8ರಿಂದ 16 ಗಂಟೆ. ಕೆಲಸಗಾರ ಬಂದದ್ದು 9ಕ್ಕೆ, ಹೋದದ್ದು 17ಕ್ಕೆ. ಎಷ್ಟು ಗಂಟೆ ದುಡಿದ? 8. ದುಡಿದ ಗಂಟೆಯ ಶೇಕಡಾ 100. ಹೇಳಿದ ವೇಳೆಯಲ್ಲೇ ಎಷ್ಟು ಗಂಟೆ ಇದ್ದ? 9ರಿಂದ 16, ಅಂದರೆ 7 ಗಂಟೆ. ಪಾಲನೆ 7/8, ಶೇಕಡಾ 87.5. ಹಾಳೆ ಸರಿಸಿದಾಗ ಹಸಿರು ಭಾಗ 7 ಮನೆಗಳಷ್ಟೇ ಕಂಡಿತು. ಒಬ್ಬನೇ ಮನುಷ್ಯ, ಒಂದೇ ದಿನ, ಎರಡು ಶೇಕಡಾ. ಎರಡೂ ಸರಿ, ಕೇಳಿದ ಪ್ರಶ್ನೆ ಬೇರೆ. ಇಲ್ಲಿಗೆ ಮೊದಲ ಅವಧಿ ಮುಗಿಯಿತು.

ಎರಡನೇ ಅವಧಿ: ಪಟ್ಟಿ ಬದಲಾದ ವಾರ

ಎರಡನೇ ದಿನ ಈ ಕೋಷ್ಟಕವನ್ನು ಕೊಟ್ಟೆ. ಕೆಲಸಗಾರನ ಹೆಸರು 'ಕ'. ಸೋಮವಾರದಿಂದ ಬುಧವಾರದವರೆಗೆ ಪಾಳಿ 8ರಿಂದ 16. ಬುಧವಾರ ಸಂಜೆ ಫಲಕದ ಮೇಲೆ ಹೊಸ ಪಟ್ಟಿ ಹಚ್ಚಿದರು: ಗುರುವಾರದಿಂದ 9ರಿಂದ 17. 'ಕ' ಬಂದು ಹೋದ ವೇಳೆ ಹೀಗಿದೆ.

ಸೋಮವಾರ: 8:00 – 16:00
ಮಂಗಳವಾರ: 8:00 – 16:00
ಬುಧವಾರ: 8:30 – 16:00
ಗುರುವಾರ: 9:00 – 17:00
ಶುಕ್ರವಾರ: 9:00 – 17:00
ಶನಿವಾರ: 9:00 – 16:30

ತರಗತಿಯನ್ನು ಮೂರು ಗುಂಪು ಮಾಡಿದೆ. ಮೊದಲ ಗುಂಪಿಗೆ ಹೇಳಿದ್ದು: ಹೊಸ ಪಟ್ಟಿಯನ್ನು ತಂತ್ರಾಂಶಕ್ಕೆ ಯಾರೂ ಹಾಕಲಿಲ್ಲ, ವಾರವಿಡೀ ಹಳೆ ಪಟ್ಟಿಯಲ್ಲೇ ತಾಳೆ ನೋಡಿ. ಎರಡನೇ ಗುಂಪಿಗೆ: ಹೊಸ ಪಟ್ಟಿಯನ್ನು ಹಾಕಿದರು, ಆದರೆ ಅದು ಸೋಮವಾರದಿಂದಲೇ ಜಾರಿ ಎಂದು ದಾಖಲಾಯಿತು, ವಾರವಿಡೀ ಹೊಸ ಪಟ್ಟಿಯಲ್ಲಿ ತಾಳೆ ನೋಡಿ. ಮೂರನೇ ಗುಂಪಿಗೆ: ಬುಧವಾರದವರೆಗೆ ಹಳೆಯದು, ಗುರುವಾರದಿಂದ ಹೊಸದು. ಒಂದು ಗುಂಪಿನ ಸೂಚನೆ ಇನ್ನೊಂದಕ್ಕೆ ಗೊತ್ತಿರಲಿಲ್ಲ.

ಮೂರನೇ ಗುಂಪಿನ ಉತ್ತರ: 8 + 8 + 7.5 + 8 + 8 + 7.5 = 47. ಯೋಜನೆಯ 48 ಗಂಟೆಗೆ 47, ಶೇಕಡಾ 97.92.

ಮೊದಲ ಗುಂಪಿನ ಉತ್ತರ: 8 + 8 + 7.5 + 7 + 7 + 7 = 44.5. ಶೇಕಡಾ 92.71.

ಎರಡನೇ ಗುಂಪಿನ ಉತ್ತರ: 7 + 7 + 7 + 8 + 8 + 7.5 = 44.5. ಶೇಕಡಾ 92.71.

ಮೊದಲ ಎರಡು ಗುಂಪುಗಳ ಉತ್ತರ ಕಪ್ಪುಹಲಗೆಯ ಮೇಲೆ ಒಂದೇ ಬಂದದ್ದನ್ನು ನೋಡಿ ಮೂರನೇ ಗುಂಪಿನವರು "ಕಾಪಿ, ಕಾಪಿ" ಎಂದು ಕೂಗಿದರು. ಎರಡೂ ಗುಂಪಿನವರು ತಮ್ಮ ದಿನವಾರು ಲೆಕ್ಕವನ್ನು ಎದ್ದು ಓದಿದಾಗ ಗಲಾಟೆ ನಿಂತಿತು. ದಿನದ ಅಂಕಿಗಳು ಬೇರೆ, ಮೊತ್ತ ಒಂದೇ. ಈ ಪಾಠದಲ್ಲಿ ಅತಿ ಹೆಚ್ಚು ಕಲಿಕೆ ನಡೆದದ್ದು ಆ ಐದು ನಿಮಿಷಗಳಲ್ಲಿ ಎಂದು ನನ್ನ ಭಾವನೆ. 92.71 ಎಂಬ ಅಂಕಿ ಎರಡು ಬೇರೆ ಬೇರೆ ತಪ್ಪುಗಳಿಂದ ಬರಬಹುದು. ಕೊನೆಯ ಅಂಕಿಯನ್ನು ಮಾತ್ರ ನೋಡಿದರೆ ತಪ್ಪು ಇದೆಯೋ ಇಲ್ಲವೋ, ಇದ್ದರೆ ಯಾವ ಬಗೆಯದು ಎಂದು ಹೇಳಲಾಗದು. ದಿನವಾರು ಸಾಲುಗಳನ್ನು ಬಿಡಿಸಿ ನೋಡಲೇಬೇಕು.

ಆಮೇಲೆ ಇನ್ನೊಂದು ಪ್ರಶ್ನೆ: ಮೂರು ಲೆಕ್ಕಗಳಲ್ಲೂ ಬದಲಾಗದೆ ಉಳಿದದ್ದು ಏನು? 'ಕ' ಒಳಗಿದ್ದ ಒಟ್ಟು ಗಂಟೆ 47. ಅದು ಮೂರರಲ್ಲೂ ಅಷ್ಟೇ. ಮನುಷ್ಯ ಮಾಡಿದ್ದು ಬದಲಾಗಲಿಲ್ಲ, ನಾವು ತಾಳೆ ನೋಡಿದ ಪಟ್ಟಿ ಬದಲಾಯಿತು. ಆ ವಾರ 'ಕ'ನಿಂದ ಆದ ಕೊರತೆ ಒಟ್ಟು ಒಂದು ಗಂಟೆ: ಬುಧವಾರ ಅರ್ಧ, ಶನಿವಾರ ಅರ್ಧ. ಶೇಕಡಾ 95 ದಾಟಿದವರಿಗೆ ಮಾತ್ರ ಪೂರ್ಣ ಹಜೇರಿಯ ಭತ್ಯೆ ಎಂಬ ನಿಯಮ ಇದೆ ಎಂದುಕೊಳ್ಳಿ ಎಂದೆ. ಮೂರನೇ ಲೆಕ್ಕದಲ್ಲಿ ಅವನಿಗೆ ಭತ್ಯೆ ಸಿಗುತ್ತದೆ, ಮೊದಲೆರಡರಲ್ಲಿ ಇಲ್ಲ. "ಹಂಗಾದ್ರ ತಪ್ಪ ಯಾರ್ದು?" ಎಂಬ ಪ್ರಶ್ನೆ ಹಿಂದಿನ ಬೆಂಚಿನಿಂದ ಬಂತು. ಅದಕ್ಕೆ ಉತ್ತರ ಹುಡುಕಲು ಕಾನೂನಿನ ಕಡೆಗೆ ಹೋದೆವು.

ಮುಂಚಿತವಾಗಿ ಬರೆದದ್ದು

ಗಣಿತದ ಪಾಠದಲ್ಲಿ ಕಾನೂನು ಏಕೆ ಎಂದು ನನ್ನ ಸಹಪಾಠಿಗಳು ಕೇಳಿದರು. ಛೇದವನ್ನು ನಿಗದಿಪಡಿಸುವುದು ಗಣಿತವಲ್ಲ, ನಿಯಮ. ಆ ನಿಯಮ ಎಲ್ಲಿಂದ ಬಂತು ಎಂದು ತೋರಿಸದಿದ್ದರೆ ಮಕ್ಕಳಿಗೆ ಅದು ಶಿಕ್ಷಕರ ಇಷ್ಟದಂತೆ ಕಾಣುತ್ತದೆ.

1948ರ ಕಾರ್ಖಾನೆಗಳ ಕಾಯ್ದೆ ಕಂಪ್ಯೂಟರ್ ಇಲ್ಲದ ಕಾಲದ್ದು. ಆದರೂ ವೇಳಾಪಟ್ಟಿ ಪಾಲನೆಯ ಮೂಲ ತತ್ವ ಅದರಲ್ಲಿದೆ. ಕಲಂ 61ರ ಪ್ರಕಾರ ಕೆಲಸದ ವೇಳೆಯ ಸೂಚನೆಯನ್ನು ಕಾರ್ಖಾನೆಯಲ್ಲಿ ಪ್ರದರ್ಶಿಸಬೇಕಿತ್ತು. ಪದ್ಧತಿ ಬದಲಿಸುವುದಾದರೆ ಬದಲಾವಣೆಗೆ ಮುಂಚೆಯೇ ಇನ್‌ಸ್ಪೆಕ್ಟರರಿಗೆ ತಿಳಿಸಬೇಕಿತ್ತು. ಕಲಂ 63ರ ಪ್ರಕಾರ, ಪ್ರದರ್ಶಿಸಿದ ಸೂಚನೆಗೂ ರಿಜಿಸ್ಟರಿನಲ್ಲಿ ಕೆಲಸಗಾರನ ಹೆಸರಿನ ಮುಂದೆ ಮುಂಚಿತವಾಗಿ ಮಾಡಿದ ನಮೂದಿಗೂ ಹೊಂದದಂತೆ ಯಾರನ್ನೂ ದುಡಿಸುವಂತಿರಲಿಲ್ಲ. 'ಮುಂಚಿತವಾಗಿ' ಎಂಬ ಪದವನ್ನು ಕಪ್ಪುಹಲಗೆಯ ಮೇಲೆ ಬರೆದೆ. ಮಕ್ಕಳು ಮೊದಲ ದಿನ ಹೇಳಿದ "ಮೊದ್ಲ ಬರ್ದಿಟ್ಟ ಟೈಮ್" ಅದರ ಪಕ್ಕದಲ್ಲೇ ಇತ್ತು.

ಇದೇ ಕಾಯ್ದೆ ಮೂಲದಲ್ಲಿ ಹಾಕಿದ ಮಿತಿಗಳು: ವಾರಕ್ಕೆ 48 ಗಂಟೆ, ದಿನಕ್ಕೆ 9 ಗಂಟೆ, ಸತತ 5 ಗಂಟೆಗಿಂತ ಹೆಚ್ಚು ದುಡಿಸುವ ಮುಂಚೆ ಕನಿಷ್ಠ ಅರ್ಧ ಗಂಟೆ ವಿರಾಮ. 2020ರಲ್ಲಿ ಸಂಸತ್ತು ಇಂಥ ಹಲವು ಕಾಯ್ದೆಗಳನ್ನು ಒಂದುಗೂಡಿಸುವ ಸಂಹಿತೆಯನ್ನು ಅಂಗೀಕರಿಸಿತು. 2023ರಲ್ಲಿ ಕರ್ನಾಟಕ ದಿನದ ಗಂಟೆಗಳ ಬಗ್ಗೆ ತಿದ್ದುಪಡಿ ತಂದಿತು. ತರಗತಿಯಲ್ಲಿ ಮೂಲ ಅಂಕಿಗಳನ್ನೇ ಬಳಸಿದೆ. ನಿಯಮ ಬದಲಾದ ದಿನಾಂಕದಿಂದ ಮುಂದಕ್ಕೆ ಹೊಸ ನಿಯಮ, ಹಿಂದಿನ ದಿನಗಳಿಗೆ ಹಿಂದಿನ ನಿಯಮ ಎಂಬ ಪಾಠ ಇಲ್ಲಿಯೂ ಅನ್ವಯಿಸಿತು.

ಮೂರನೇ ಅವಧಿ: ಮಧ್ಯರಾತ್ರಿ ದಾಟುವ ಪಾಳಿ

ರಾತ್ರಿ 8ಕ್ಕೆ ಹೋಗಿ ಬೆಳಗಿನ 4ಕ್ಕೆ ಬರುವ ಪಾಳಿ ಮಕ್ಕಳಿಗೆ ಗೊತ್ತಿತ್ತು. 24 ಗಂಟೆಯ ಲೆಕ್ಕದಲ್ಲಿ 20ರಿಂದ 4. ಹೊರಬಂದ ವೇಳೆಯಿಂದ ಒಳಹೋದ ವೇಳೆ ಕಳೆದರೆ 4 – 20 = –16. "ಮೈನಸ್ 16 ತಾಸು ಕೆಲಸ ಮಾಡ್ಯಾನ" ಎಂದು ತರಗತಿ ನಕ್ಕಿತು. ರಟ್ಟಿನ ಪಟ್ಟಿಯನ್ನು ಬಗ್ಗಿಸಿ ಬಳೆಯ ಹಾಗೆ ಮಾಡಿ 24ನ್ನು 0ಗೆ ಕೂಡಿಸಿದೆ. 20ರಿಂದ 24ಕ್ಕೆ 4 ಮನೆ, 0ಯಿಂದ 4ಕ್ಕೆ 4 ಮನೆ, ಒಟ್ಟು 8. ಉತ್ತರ ಋಣ ಬಂದರೆ 24 ಕೂಡಿಸಬೇಕು: –16 + 24 = 8. ಬಿ.ಎಸ್ಸಿ.ಯಲ್ಲಿ ನಾವು ಓದುವ ಮಾಡ್ಯುಲೋ ಅಂಕಗಣಿತದ ಬೀಜ ಇದೇ. ಹೆಸರು ಹೇಳದೆಯೂ ಮಕ್ಕಳಿಗೆ ಅದು ತಲುಪಿತು.

ಇನ್ನೂ ಒಂದು ತೊಡಕಿದೆ. ಶನಿವಾರ ರಾತ್ರಿ 8ಕ್ಕೆ ಹೋದವನು ರವಿವಾರ ಬೆಳಗಿನ 4ಕ್ಕೆ ಹೊರಬರುತ್ತಾನೆ. ರವಿವಾರ ಅವನ ವಾರದ ಸೂಟಿ. ತಂತ್ರಾಂಶ ದಿನವನ್ನು ಮಧ್ಯರಾತ್ರಿಗೆ ಕತ್ತರಿಸಿದರೆ ಶನಿವಾರ 4 ಗಂಟೆ ಮಾತ್ರ ಹಾಜರಿ, ಪಾಲನೆ ಶೇಕಡಾ 50. ರವಿವಾರ ಸೂಟಿಯ ದಿನ 4 ಗಂಟೆ ಕೆಲಸ. ಎರಡೂ ಅರ್ಥವಿಲ್ಲದ ಸಾಲುಗಳು. ಕಾಯ್ದೆಯ ಕಲಂ 57 ಈ ಗೊಂದಲವನ್ನು ಆಗಲೇ ಬಿಡಿಸಿತ್ತು: ಪಾಳಿ ಮಧ್ಯರಾತ್ರಿ ದಾಟಿದರೆ, ಆಮೇಲಿನ ಗಂಟೆಗಳು ಹಿಂದಿನ ದಿನದ ಲೆಕ್ಕಕ್ಕೇ ಸೇರುತ್ತವೆ. ಸೂಟಿ ಎಂದರೆ ಪಾಳಿ ಮುಗಿದ ಗಳಿಗೆಯಿಂದ ಸತತ 24 ಗಂಟೆ. ಅಂದರೆ ಇವನ ರವಿವಾರ ಆರಂಭವಾಗುವುದು ಬೆಳಗಿನ 4ಕ್ಕೆ, ಮುಗಿಯುವುದು ಸೋಮವಾರ ಬೆಳಗಿನ 4ಕ್ಕೆ. ತಂತ್ರಾಂಶ ಬದಲಾದಾಗ ಪರಿಶೀಲನೆಗೆ ಮೊದಲು ಆರಿಸಬೇಕಾದದ್ದು ರಾತ್ರಿ ಪಾಳಿಯವರ ಸಾಲುಗಳನ್ನೇ ಎಂದು ಮಕ್ಕಳು ತಾವೇ ತೀರ್ಮಾನಿಸಿದರು.

ಕೊನೆಯಲ್ಲಿ ಕೊಟ್ಟ ಒಂದು ಲೆಕ್ಕ ತರಗತಿಯನ್ನು ಸುಮ್ಮನಾಗಿಸಿತು. ಒಬ್ಬನಿಗೆ ರಾತ್ರಿ 20ರಿಂದ 4, ಅದೇ ಬೆಳಗಿನಿಂದ ಪಾಳಿ ಬದಲಾಗಿ 4ರಿಂದ 12. ಅವನು ಎರಡನ್ನೂ ತಪ್ಪದೆ ಮಾಡಿದ. ಪಾಲನೆ ಎಷ್ಟು? ಶೇಕಡಾ 100. ಎರಡು ಪಾಳಿಗಳ ನಡುವಿನ ಅಂತರ ಎಷ್ಟು? 0. "ನಿದ್ದಿ ಯಾವಾಗ ಮಾಡಬೇಕ್ರಿ?" ಎಂದು ಒಬ್ಬಳು ಕೇಳಿದಳು. ಪಾಲನೆಯ ಶೇಕಡಾ ಮನುಷ್ಯನನ್ನು ಅಳೆಯುತ್ತದೆ, ಯೋಜನೆಯನ್ನು ಅಳೆಯುವುದಿಲ್ಲ. ಹೊಸ ಪಟ್ಟಿ ಬಂದಾಗ ಪಟ್ಟಿಯನ್ನೂ ಪ್ರತ್ಯೇಕವಾಗಿ ಪರೀಕ್ಷಿಸಬೇಕು: ವಾರದ ಮೊತ್ತ, ನಡುವಿನ ವಿರಾಮ, ಎರಡು ಪಾಳಿಗಳ ಅಂತರ, ಸೂಟಿ.

ಒಂದು ನಿಜವಾದ ಚೀಟಿ

ಮೂರನೇ ಅವಧಿ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿ ಹತ್ತಿರ ಬಂದು, ತನ್ನ ತಂದೆಗೆ ಕೆಲಸದ ಕಡೆ ಮೂರು ದಿನ 'ಅರ್ಧ ದಿನ' ಎಂದು ಹಾಕಿದ್ದಾರೆ, ಅಲ್ಲಿ ಈಚೆಗೆ ಹಜೇರಿಯ ಹೊಸ ತಂತ್ರಾಂಶ ಬಂದಿದೆ ಎಂದ. ನಾನು ಮಾರ್ಗದರ್ಶಕ ಶಿಕ್ಷಕರನ್ನು ಕೇಳಿದೆ. ತಂದೆಯ ಒಪ್ಪಿಗೆ ಇರಬೇಕು, ಹೆಸರು ಮತ್ತು ನಂಬರ್ ಮುಚ್ಚಬೇಕು, ತರಗತಿಯಲ್ಲಿ ಚರ್ಚಿಸಬಾರದು ಎಂದು ಅವರು ಮೂರು ಷರತ್ತು ಹಾಕಿದರು. ಎರಡು ದಿನದ ಮೇಲೆ ಹುಡುಗ ಚೀಟಿ ತಂದ. ಶಾಲೆ ಬಿಟ್ಟ ಮೇಲೆ ನಾವು ಮೂವರು ಕುಳಿತು ನೋಡಿದೆವು.

ಪಾಳಿ 8ರಿಂದ 16 ಇದ್ದದ್ದು 12ರಿಂದ 20ಕ್ಕೆ ಬದಲಾಗಿತ್ತು. ಫಲಕದ ಮೇಲಿದ್ದ ಸೂಚನೆಯ ಪ್ರಕಾರ ಬದಲಾವಣೆ 10ನೇ ತಾರೀಖಿನಿಂದ. ಅರ್ಧ ದಿನ ಎಂದು ಹಾಕಿದ್ದು 8, 9 ಮತ್ತು 13ನೇ ತಾರೀಖಿಗೆ. ಹುಡುಗ ಬಣ್ಣದ ಹಾಳೆ ಕೇಳಿ ಪಡೆದು ತಾನೇ ಸರಿಸಿದ. 8 ಮತ್ತು 9ರಂದು ತಂದೆ 8ರಿಂದ 16ರವರೆಗೆ ಇದ್ದರು. ಹಳದಿಯನ್ನು 12ರಿಂದ 20ಕ್ಕೆ ಇಟ್ಟರೆ ಹಸಿರು 4 ಮನೆ, ಸರಿಯಾಗಿ ಶೇಕಡಾ 50. ಹಳದಿಯನ್ನು 8ರಿಂದ 16ಕ್ಕೆ ಇಟ್ಟರೆ ಪೂರ್ತಿ ಹಸಿರು. ಹೊಸ ಪಟ್ಟಿ ಎರಡು ದಿನ ಮುಂಚಿತವಾಗಿಯೇ ಲೆಕ್ಕಕ್ಕೆ ಬಂದಿದೆ ಎಂಬುದು ಸ್ಪಷ್ಟವಾಯಿತು. 13ರಂದು ಮಾತ್ರ ತಂದೆ ಬಂದದ್ದು 12:40ಕ್ಕೆ. 480 ನಿಮಿಷಕ್ಕೆ 440, ಶೇಕಡಾ 91.67. ಅರ್ಧ ಗಂಟೆಗಿಂತ ಹೆಚ್ಚು ತಡವಾದರೆ ಅರ್ಧ ದಿನ ಎಂಬುದು ಅಲ್ಲಿನ ನಿಯಮ. ಆ ಸಾಲು ಸರಿಯಾಗಿಯೇ ಇತ್ತು.

"ಒಂದ ದಿನ ನಮ್ಮಪ್ಪಂದೂ ತಪ್ಪ ಐತಿ ಟೀಚರ್" ಎಂದ ಹುಡುಗ. ಮಾರ್ಗದರ್ಶಕ ಶಿಕ್ಷಕರು ಅವನ ಬೆನ್ನು ತಟ್ಟಿದರು. ನಾವು ದೂರು ಬರೆಯಲಿಲ್ಲ. ಒಂದು ಪ್ರಶ್ನೆಯನ್ನು ಮಾತ್ರ ಬರೆದುಕೊಟ್ಟೆವು: "8 ಮತ್ತು 9ನೇ ತಾರೀಖಿಗೆ ಯಾವ ಪಾಳಿ ದಾಖಲಾಗಿದೆ? ಅದು ದಾಖಲಾದದ್ದು ಯಾವಾಗ?" ತಂದೆ ಅದನ್ನು ಟೈಮ್ ಆಫೀಸಿಗೆ ಒಯ್ದರು. ಫಲಕದ ಸೂಚನೆಯ ಫೋಟೋ ಅವರ ಫೋನಿನಲ್ಲಿತ್ತು. ಮುಂದಿನ ಪಗಾರದಲ್ಲಿ ಎರಡು ಅರ್ಧ ದಿನದ ಹಣ ಸೇರಿತು. 13ನೇ ತಾರೀಖು ಹಾಗೆಯೇ ಉಳಿಯಿತು.

ಮರುಪರಿಶೀಲನೆಗೆ ಐದು ಪ್ರಶ್ನೆಗಳು

ಇಂಥ ತಂತ್ರಾಂಶಗಳ ಒಳಗೆ ಮೂರು ಪದರಗಳಿವೆ ಎಂದು ತಿಳಿದರೆ ಪಾಠ ಮಾಡುವುದು ಸುಲಭ. ಒಂದು, ಯೋಜನೆ. ಎರಡು, ಬೆರಳಚ್ಚು ಅಥವಾ ಕಾರ್ಡಿನಿಂದ ದಾಖಲಾದ ನಿಜವಾದ ವೇಳೆ. ಮೂರು, ಇವೆರಡನ್ನು ತಾಳೆ ನೋಡಿ ಉಳಿಸಿಟ್ಟ ಫಲಿತಾಂಶ. ಯೋಜನೆಯನ್ನು ತಿದ್ದಿದ ಮಾತ್ರಕ್ಕೆ ಉಳಿಸಿಟ್ಟ ಫಲಿತಾಂಶ ತಾನಾಗಿ ಬದಲಾಗಲೇಬೇಕೆಂದಿಲ್ಲ. ಮತ್ತೆ ಲೆಕ್ಕ ಹಾಕಲು ಹೇಳಬೇಕಾಗಬಹುದು. ಹಾಗೆ ಹೇಳಿದಾಗ ಯಾವ ದಿನಾಂಕದಿಂದ ಎಂಬುದನ್ನೂ ಹೇಳಬೇಕು. ತರಗತಿಯಲ್ಲಿ ನಾವು ಒಟ್ಟಾಗಿ ರೂಪಿಸಿದ ಪಟ್ಟಿ ಇದು:

1. ಪ್ರತಿ ದಿನಕ್ಕೂ ಯಾವ ಯೋಜನೆ ಅನ್ವಯಿಸಿತು? ಅದು ಆ ದಿನಕ್ಕೆ ಮುಂಚೆ ಬರೆದದ್ದೇ?
2. ಬದಲಾವಣೆಯ ನಂತರ ಲೆಕ್ಕ ಮತ್ತೆ ನಡೆದಿದೆಯೇ? ಯಾವ ದಿನದಿಂದ ಯಾವ ದಿನದವರೆಗೆ?
3. ಮಧ್ಯರಾತ್ರಿ ದಾಟಿದ ಪಾಳಿ ಯಾವ ದಿನಕ್ಕೆ ಸೇರಿದೆ?
4. ಒಟ್ಟು ಶೇಕಡಾ ಹೇಗೆ ಬಂತು? ದಿನದ ಶೇಕಡಾಗಳ ಸರಾಸರಿಯೇ, ಒಟ್ಟು ಗಂಟೆಗಳ ಭಾಗಾಕಾರವೇ?
5. ವ್ಯತ್ಯಾಸ ಬಂದ ಸಾಲುಗಳಲ್ಲಿ ಕೆಲಸಗಾರನ ಪರವಾಗಿ ಬಂದವುಗಳನ್ನೂ ನೋಡಿದೆವೇ?

ನಾಲ್ಕನೆಯದಕ್ಕೆ ಒಂದು ಉದಾಹರಣೆ. ಒಂದು ದಿನ 8 ಗಂಟೆಯ ಪಾಳಿ, ಪಾಲನೆ 100. ಇನ್ನೊಂದು ದಿನ 4 ಗಂಟೆಯ ಪಾಳಿ, ಪಾಲನೆ 50. ಸರಾಸರಿ 75. ಗಂಟೆಗಳ ಲೆಕ್ಕದಲ್ಲಿ 12ಕ್ಕೆ 10, ಶೇಕಡಾ 83.33. ತಂತ್ರಾಂಶ ಒಂದು ವಿಧಾನದಿಂದ ಇನ್ನೊಂದಕ್ಕೆ ಬದಲಾದರೆ, ಯಾರೂ ಹೊಸದಾಗಿ ತಡ ಮಾಡದಿದ್ದರೂ ಅಂಕಿ ಬದಲಾಗಬಹುದು. ಎಲ್ಲ ಸಾಲುಗಳನ್ನೂ ಕೈಯಿಂದ ನೋಡಲಾಗದು. ಬದಲಾವಣೆಯ ಹಿಂದಿನ ದಿನ, ಬದಲಾದ ದಿನ, ಒಂದು ರಾತ್ರಿ ಪಾಳಿ, ಒಂದು ಸೂಟಿಯ ದಿನ, ಈ ನಾಲ್ಕು ಬಗೆಯ ಸಾಲುಗಳನ್ನು ಆರಿಸಿ ಕೈಲೆಕ್ಕ ಮಾಡಿದರೆ ತಪ್ಪು ಅಡಗುವ ಜಾಗಗಳು ಹೆಚ್ಚಿನಂಶ ಬೆಳಕಿಗೆ ಬರುತ್ತವೆ.

ಉಳಿದ ತಾಲ್ಲೂಕುಗಳಲ್ಲಿ

ಈ ಪಾಠವನ್ನು ನನ್ನ ಸಹಪ್ರಶಿಕ್ಷಣಾರ್ಥಿಗಳು ತಮ್ಮ ತಮ್ಮ ಶಾಲೆಗೆ ತಕ್ಕಂತೆ ಹೊಂದಿಸಿಕೊಂಡರು. ನಿಪ್ಪಾಣಿಯಲ್ಲಿದ್ದವರು ಬಸ್ ಚಾಲಕರ ಡ್ಯೂಟಿಯನ್ನು ತೆಗೆದುಕೊಂಡರು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲಿ ದಿನಕ್ಕೆ 8, ವಾರಕ್ಕೆ 48 ಗಂಟೆಯ ಮಿತಿ ಇತ್ತು. ಹೆದ್ದಾರಿಯಲ್ಲಿ ಕಾಮಗಾರಿ ನಡೆದು ಪ್ರಯಾಣದ ವೇಳೆ ಹೆಚ್ಚಾದರೆ ಹಳೆಯ ವೇಳಾಪಟ್ಟಿಯಲ್ಲಿ ಚಾಲಕ ದಿನವೂ 'ತಡ' ಆಗುತ್ತಾನೆ. ಅಲ್ಲಿ ತಿದ್ದಬೇಕಾದದ್ದು ಪಟ್ಟಿಯನ್ನು ಎಂದು ಆ ಮಕ್ಕಳು ಹೇಳಿದರಂತೆ. ಕಾಗವಾಡದವರು ರೈಲಿನ ಉದಾಹರಣೆಯನ್ನೇ ವಿಸ್ತರಿಸಿದರು. ಅಥಣಿಯವರು ಉದ್ಯೋಗ ಖಾತ್ರಿಯನ್ನು ಆರಿಸಿಕೊಂಡರು. ಅಲ್ಲಿ ದಿನಕ್ಕೆ ಎರಡು ಸಲ ಫೋಟೋ ಸಹಿತ ಹಾಜರಿ ಹಾಕುವ ಆ್ಯಪ್, 20 ಅಥವಾ ಹೆಚ್ಚು ಕಾರ್ಮಿಕರಿರುವ ಕಾಮಗಾರಿಗಳಿಗೆ 2022ರ ಮೇ ತಿಂಗಳಿಂದ, ವೈಯಕ್ತಿಕ ಫಲಾನುಭವಿಗಳ ಕೆಲಸ ಬಿಟ್ಟು ಉಳಿದ ಎಲ್ಲ ಕಾಮಗಾರಿಗಳಿಗೆ 2023ರ ಜನವರಿ 1ರಿಂದ ಕಡ್ಡಾಯವಾಯಿತು. "2022ರ ಡಿಸೆಂಬರಿನಲ್ಲಿ 12 ಜನರ ಕಾಮಗಾರಿಯಲ್ಲಿ ಫೋಟೋ ಇಲ್ಲ. ಅದು ನಿಯಮ ಉಲ್ಲಂಘನೆಯೇ?" ಎಂಬ ಅವರ ಪ್ರಶ್ನೆ ಜಾರಿ ದಿನಾಂಕವನ್ನು ಕಲಿಸಲು ಬಹಳ ಚೆನ್ನಾಗಿದೆ. ಚಿಕ್ಕೋಡಿಯವರು ಶಾಲೆಯದೇ ವೇಳಾಪಟ್ಟಿಯನ್ನು ಬಳಸಿದರು. ಶನಿವಾರದ ಬೆಳಗಿನ ಶಾಲೆಗೆ ವಾರದ ದಿನದ ವೇಳೆ ಹಚ್ಚಿದರೆ ಇಡೀ ಶಾಲೆ ಮಧ್ಯಾಹ್ನ ಗೈರುಹಾಜರಿ!

ಮೌಲ್ಯಮಾಪನ ಮತ್ತು ಸಲಹೆಗಳು

ಮೌಲ್ಯಮಾಪನದಲ್ಲಿ ಉತ್ತರದ ಅಂಕಿಗೆ ಅರ್ಧ ಅಂಕ, "ಈ ದಿನಕ್ಕೆ ಈ ಪಟ್ಟಿ ಏಕೆ?" ಎಂಬ ಒಂದು ವಾಕ್ಯಕ್ಕೆ ಉಳಿದ ಅರ್ಧ ಅಂಕ ಇಟ್ಟೆ. ಶೇಕಡಾ ಲೆಕ್ಕದಲ್ಲಿ ಹಿಂದುಳಿದಿದ್ದ ಕೆಲವರು ಆ ಒಂದು ವಾಕ್ಯವನ್ನು ಚೆನ್ನಾಗಿ ಬರೆದರು. ಲೆಕ್ಕದಲ್ಲಿ ಮುಂದಿದ್ದ ಕೆಲವರು ವಾಕ್ಯದ ಜಾಗವನ್ನು ಖಾಲಿ ಬಿಟ್ಟರು. ಎರಡನ್ನೂ ಅಳೆಯುವ ಪ್ರಶ್ನೆಪತ್ರಿಕೆ ಬೇಕು ಎಂಬುದಕ್ಕೆ ಇದೇ ಸಾಕು.

ಈ ಪಾಠವನ್ನು ಮಾಡಬಯಸುವ ಪ್ರಶಿಕ್ಷಣಾರ್ಥಿಗಳಿಗೆ ಮೂರು ಮಾತು. ಕೋಷ್ಟಕದ ಅಂಕಿಗಳನ್ನು ಆರಿಸುವಾಗ ಎರಡು ಬೇರೆ ತಪ್ಪುಗಳು ಒಂದೇ ಉತ್ತರ ಕೊಡುವಂತೆ ನೋಡಿಕೊಳ್ಳಿ. ಚರ್ಚೆ ತಾನಾಗಿ ಹುಟ್ಟುತ್ತದೆ. ಮನೆಯ ನಿಜವಾದ ಕಾಗದಗಳನ್ನು ತರಗತಿಗೆ ತರಿಸಬೇಡಿ. ಯಾರಾದರೂ ತಾವಾಗಿ ತಂದರೆ ಒಪ್ಪಿಗೆ ಕೇಳಿ, ಹೆಸರು ಮುಚ್ಚಿ, ಬೇರೆಯಾಗಿ ಕುಳಿತು ನೋಡಿ. ಮತ್ತು ಮರುಪರಿಶೀಲನೆಯನ್ನು ಯಾರದೋ ಪರ ವಾದದಂತೆ ಕಲಿಸಬೇಡಿ. 8 ಮತ್ತು 9ನೇ ತಾರೀಖನ್ನು ಸರಿಪಡಿಸಿದ ಲೆಕ್ಕವೇ 13ನೇ ತಾರೀಖನ್ನು ಒಪ್ಪಿಕೊಂಡಿತು. ಟೈಮ್ ಆಫೀಸಿನವರು ಆ ಪ್ರಶ್ನೆಯನ್ನು ತಳ್ಳಿಹಾಕದೆ ನೋಡಿದ್ದಕ್ಕೂ, ಅದು ಒಂದು ದಿನವನ್ನು ಬಿಟ್ಟುಕೊಟ್ಟು ಎರಡು ದಿನವನ್ನಷ್ಟೇ ಕೇಳಿದ್ದು ಕಾರಣವಾಗಿರಬಹುದು.